ನೀರು ಕುಡಿಯದ ಬತ್ತಿ

ಉಂಗುರದ ಬೆರಳಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ರಕ್ತ ನಿಂತಿತ್ತು. ಮಧುಗಿರಿಯಲ್ಲಿ ನಮ್ಮ ಬೀದಿಯ ಸಮುದಾಯ ಭವನದಲ್ಲಿ ಮೊನ್ನೆ ಸಕ್ಕರೆ ಕಾಯಿಲೆಯ ತಪಾಸಣಾ ಶಿಬಿರ ಇಟ್ಟುಕೊಂಡಿದ್ದರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸೂಜಿ ಚುಚ್ಚುವಾಗ ಮುಖ ಆಚೆ ತಿರುಗಿಸಿ, ಚುಚ್ಚಿ ಆದ ಮೇಲೆ ಮಹಾ ಧೈರ್ಯವಂತೆಯ ಹಾಗೆ ಈಚೆ ತಿರುಗಿದ್ದೆ.

"ಏಮಿ ಕಾದು ಮೇಡಂ, ಇರುವೆ ಕಚ್ದಂಗೆ ಅಷ್ಟೇ," ಎಂದಳು ಪಾವಗಡ ಕಡೆಯ ನರ್ಸ್ ಹುಡುಗಿ. ಆ ಕಡೆಯವರ ಮಾತಿನಲ್ಲಿ ತೆಲುಗು ಕನ್ನಡ ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಹನಿ ಸಾಲದೇನೋ ಎಂದು ನಾನು ಬೆರಳನ್ನು ಹಿಂಡಲು ಹೋದೆ. "ಅಯ್ಯೋ ಒತ್ತಬೇಡಿ ಮೇಡಂ. ಪಟ್ಟಿ ಹತ್ರ ಬೆರಳು ತಂದ್ರೆ ಸಾಕು, ಅದೇ ಎಳ್ಕೊಳ್ತದೆ."

ಎಳೆದುಕೊಂಡಿತು. ನಾನು ನೋಡುತ್ತಿದ್ದ ಹಾಗೆಯೇ ಆ ಹನಿ ಪಟ್ಟಿಯ ತುದಿಯ ಸಣ್ಣ ಸೀಳಿನೊಳಕ್ಕೆ, ಯಾರೋ ಒಳಗಿನಿಂದ ಕರೆದರೆಂಬಂತೆ, ಸರ್ರನೆ ಹೋಗಿಬಿಟ್ಟಿತು. ಯಂತ್ರ ಒಂದು ಸಂಖ್ಯೆ ತೋರಿಸಿತು. ಹುಡುಗಿ "ಸ್ವಲ್ಪ ಜಾಸ್ತಿ ಐತೆ, ಒಬ್ಬಟ್ಟು ಕಮ್ಮಿ ಮಾಡಿ" ಎಂದಳು. ನಾನು ಸಂಖ್ಯೆಯನ್ನೂ ಕೇಳಿಸಿಕೊಳ್ಳಲಿಲ್ಲ, ಒಬ್ಬಟ್ಟನ್ನೂ ಕೇಳಿಸಿಕೊಳ್ಳಲಿಲ್ಲ. ಪಟ್ಟಿಯನ್ನೇ ನೋಡುತ್ತಾ ಕೂತಿದ್ದೆ. ನನ್ನ ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.

ನಾನು ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವಳು. ಆ ಹನಿ ಹೊರಬಂದದ್ದು ಬೆರಳ ತುದಿಯ ಲೋಮನಾಳಗಳಿಂದ. ಅದು ಪಟ್ಟಿಯೊಳಕ್ಕೆ ಹೋದದ್ದು ಲೋಮನಾಳ ಕ್ರಿಯೆಯಿಂದ. ಒಂದು ಹೆಸರಿನ ಎರಡು ಸಂಗತಿಗಳು ನನ್ನ ಉಂಗುರದ ಬೆರಳ ಮೇಲೆ ಒಂದನ್ನೊಂದು ಮುಟ್ಟಿ ಮಾತಾಡಿಸಿದ್ದವು. ಇದನ್ನು ಆ ಹುಡುಗಿಗೆ ಹೇಳಬೇಕೆನಿಸಿತು. ಆದರೆ ಅವಳ ಮುಂದೆ ಇನ್ನೂ ನಲವತ್ತು ಬೆರಳುಗಳಿದ್ದವು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನಿಮಗೆ ಪುರುಸೊತ್ತಿರುವಂತೆ ಕಾಣುತ್ತದೆ.

ಲೋಮ ಎಂದರೆ ಕೂದಲು. ಕೂದಲಿನಷ್ಟು ಸಣ್ಣ ಕೊಳವೆ ಲೋಮನಾಳ. ಮೈಯೊಳಗೆ ರಕ್ತವನ್ನು ಮೂಲೆಮೂಲೆಗೂ ಮುಟ್ಟಿಸುವ ಕಟ್ಟಕಡೆಯ ಓಣಿಗಳಿಗೆ ಈ ಹೆಸರು. ನಿಜ ಹೇಳಬೇಕೆಂದರೆ ಅವು ಕೂದಲಿಗಿಂತ ಎಷ್ಟೋ ಸಣ್ಣವು. ಕೆಂಪು ಕಣಗಳು ಅಲ್ಲಿ ಒಂದರ ಹಿಂದೆ ಒಂದು, ಮೈ ಮುದುಡಿಕೊಂಡು ದಾಟಬೇಕು. ಸಿದ್ದರಬೆಟ್ಟದ ಬಂಡೆ ಸಂದಿಯಲ್ಲಿ ಗುಹೆಗೆ ಇಳಿಯುವ ಭಕ್ತರ ಹಾಗೆ. ಎಷ್ಟು ದೊಡ್ಡ ಮನುಷ್ಯನಾದರೂ ಅಲ್ಲಿ ತಲೆ ತಗ್ಗಿಸಲೇಬೇಕು. ಇನ್ನು ಭೌತಶಾಸ್ತ್ರದ ಲೋಮನಾಳ ಬೇರೆ. ಸಣ್ಣ ಗಾಜಿನ ಕೊಳವೆಯನ್ನು ನೀರಿನಲ್ಲಿ ಇಟ್ಟರೆ ನೀರು ತಾನಾಗಿಯೇ ಮೇಲಕ್ಕೇರುತ್ತದೆ. ಯಾರೂ ತಳ್ಳುವುದಿಲ್ಲ. ಗಾಜಿನ ಗೋಡೆಗೂ ನೀರಿಗೂ ಇರುವ ಸಲುಗೆಯೇ ಅದನ್ನು ಎತ್ತುತ್ತದೆ. ಬತ್ತಿಗೆ ಎಣ್ಣೆ ಏರುವುದು, ಬಿದ್ದ ಕಾಫಿಯನ್ನು ಒರೆಸುವ ಬಟ್ಟೆ ಕುಡಿಯುವುದು, ಎಲ್ಲ ಅದೇ.

ಹತ್ತನೇ ತರಗತಿಯಲ್ಲಿ ನಾನು ಈ ಎರಡನ್ನೂ ಒಂದೇ ಎಂದು ತಿಳಿದು, ರಕ್ತವೂ ಹೀಗೇ ತಾನಾಗಿ ಮೈಯೆಲ್ಲ ಏರುತ್ತದೆ ಎಂದು ಜೀವಶಾಸ್ತ್ರದ ಉತ್ತರ ಪತ್ರಿಕೆಯಲ್ಲಿ ಒಂದು ಪುಟ ಬರೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ "ಹಾಗಾದರೆ ಹೃದಯಕ್ಕೆ ರಜೆಯೇ?" ಎಂದು ಕೇಳಿದ್ದರು. ಆ ಪತ್ರಿಕೆ ಇನ್ನೂ ನನ್ನ ಬಳಿ ಇದೆ. ನೆನಪನ್ನು ನಂಬದವಳು ಕಾಗದಗಳನ್ನು ಎಸೆಯುವುದಿಲ್ಲ. ಡೈರಿ ಬರೆಯುವ ಚಟವೂ ಅದರಿಂದಲೇ ಬಂದದ್ದು.

ಆದರೆ ಕುರ್ಚಿಯಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಮೇಷ್ಟ್ರ ನೆನಪಲ್ಲ, ಪುರವರದ ಅತ್ತೆಯ ನೆನಪು. ಅತ್ತೆಗೆ ನಾನು ಒಂದು ಉತ್ತರ ಕೊಡುವುದಿತ್ತು. ಕೊಡುತ್ತೇನೆಂದು ಮಾತು ಕೊಟ್ಟು ಮೂವತ್ತು ಚಿಲ್ಲರೆ ವರ್ಷ ಆಗಿತ್ತು.

ಶಿವನಂಜಮ್ಮತ್ತೆ ನಮ್ಮಪ್ಪನ ಅಕ್ಕ. ಕೊರಟಗೆರೆಯ ನಮ್ಮ ಮನೆಯಲ್ಲಿ ಮಾತಿಗೆ ಮುಂಚೆ "ಅಕ್ಕ ಏನಂತಾಳೋ ಕೇಳು" ಎನ್ನುವುದು ಅಪ್ಪನ ಪದ್ಧತಿ. ಹಸು ಕೊಳ್ಳುವುದಕ್ಕೂ ಅಕ್ಕ, ಗೋಡೆಗೆ ಸುಣ್ಣ ಹೊಡೆಸುವುದಕ್ಕೂ ಅಕ್ಕ. ಹಾಗಾಗಿ ನಾನು ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದು, ಮೈಸೂರಿಗೆ ಎಂ.ಎಸ್ಸಿ.ಗೆ ಹೋಗುತ್ತೇನೆ ಎಂದಾಗ ಅಪ್ಪ ತಲೆ ಕೆರೆದುಕೊಂಡು, "ಇಷ್ಟು ಓದಿದ್ದು ಸಾಕಲ್ವಾ? ಎಲ್ಲಾ ತಿಳ್ಕೊಂಡಾಯ್ತಲ್ಲ. ಪುರವರಕ್ಕೋಗಿ ಅಕ್ಕನ್ನ ಕೇಳು. ಅವ್ಳು ಹೂಂ ಅಂದ್ರೆ ನಂದೂ ಹೂಂ" ಎಂದರು.

ಅತ್ತೆ ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. ಆ ವರ್ಷ ಅವರು ಲಕ್ಷಬತ್ತಿಯ ಹರಕೆ ಹೊತ್ತಿದ್ದರು. ಮನೆಯ ಹತ್ತಿಯನ್ನೇ ಬಿಡಿಸಿ, ಬೆರಳಿಗೆ ವಿಭೂತಿ ಸವರಿಕೊಂಡು, ಮೊಣಕಾಲ ಕೆಳಗೆ ಹೊಸೆದು ಹೊಸೆದು ಲಕ್ಷ ಬತ್ತಿ ಮಾಡಿ ಶಿವನಿಗೆ ಉರಿಸುವ ಹರಕೆ. ನಡುಮನೆಯ ಮೂಲೆಯಲ್ಲಿ ಎರಡು ಚೀಲ ಬತ್ತಿ, ಒಂದು ಮೊರ ಬಿಡಿಸಿದ ಹತ್ತಿ. ಹೊಸೆಯುತ್ತಲೇ ನನ್ನನ್ನು ಕೇಳಿದರು: "ಓದಿ ಓದಿ ಏನ್ ಮಾಡ್ತಿಯಮ್ಮ?" ನಾನು ಪ್ರಪಂಚ ಹೇಗೆ ನಡೆಯುತ್ತದೆ ಎಂದು ತಿಳಿದುಕೊಳ್ಳುತ್ತೇನೆ ಎಂದೆ. ಇಪ್ಪತ್ತೊಂದರ ವಯಸ್ಸಿನಲ್ಲಿ ಇಂಥ ಮಾತು ನಾಚಿಕೆಯಿಲ್ಲದೆ ಬರುತ್ತದೆ. "ಸರಿ. ಪ್ರಪಂಚ ಆಮೇಲೆ ನೋಡಾನ. ನಾಳೆ ನಾನು ಸಿರಾಕ್ಕೆ ಮಗಳ ಮನೇಗೋಯ್ತೀನಿ, ಮಗೂನ ತೊಟ್ಲಿಗೆ ಹಾಕ್ತವ್ರೆ. ಬರಾದು ಆರ್ ದಿನ. ಹಿತ್ಲಾಗೆ ಕುಂಡದಾಗೆ ಹನ್ನೊಂದು ಹುಣಸೆ ಸಸಿ ಐತೆ, ಬದುವಿಗೆ ನೆಡಕ್ಕೆ ಅಂತ ಜ್ವಾಪಾನ ಮಾಡಿವ್ನಿ. ಹೊತ್ತಾರೆ ಒಂದು ಚೊಂಬು, ಸಂಜೆ ಒಂದು ಚೊಂಬು. ಅದೊಂದ್ ನೋಡ್ಕೋ. ಬಂದ ಮ್ಯಾಲೆ ನಿನ್ ಮಾತು."

ಪರೀಕ್ಷೆ ಯಾವುದು ಎಂದು ನನಗೆ ತಿಳಿಯಿತು. ಹನ್ನೊಂದು ಸಸಿ ಉಳಿದರೆ ಮೈಸೂರು, ಒಣಗಿದರೆ ಕೊರಟಗೆರೆ. ಮಾವ ಮನೆಯಲ್ಲೇ ಇದ್ದರು. ಆದರೆ ಅವರು ಬೆಳಕು ಹರಿಯುವ ಮುಂಚೆ ಹೊಲಕ್ಕೆ ಹೋಗಿ, ಬಂದು, ಮುದ್ದೆ ಗಟ್ಟಿಯಾಗಿದೆಯೋ ಮೆತ್ತಗಿದೆಯೋ ಎಂಬುದರ ಹೊರತು ಇನ್ನೇನನ್ನೂ ಗಮನಿಸುವವರಲ್ಲ.

ಚೊಂಬಿನಲ್ಲಿ ನೀರು ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಚೊಂಬಿನಲ್ಲಿ ನೀರು ಹಾಕುವುದಕ್ಕೆ ಬಿ.ಎಸ್ಸಿ. ಯಾಕೆ? ಸಸಿಗಳ ನಡುವೆ ಕಲ್ಲಿನ ಮೇಲೆ ಒಂದು ತುಂಬಿದ ಹಂಡೆ ಇಟ್ಟೆ. ಹಂಡೆಯಿಂದ ಪ್ರತಿ ಸಸಿಯ ಬುಡಕ್ಕೂ ಒಂದೊಂದು ಉದ್ದನೆಯ ಬತ್ತಿ ಎಳೆದೆ. ನೀರು ಬತ್ತಿಯಲ್ಲಿ ತಾನಾಗಿಯೇ ಏರಿ, ಇಳಿದು, ಹಗಲೂ ಇರುಳೂ ಹನಿಹನಿಯಾಗಿ ಬುಡ ಸೇರುತ್ತದೆ. ಅತ್ತೆ ಬಂದು ನೋಡಿ ಬೆರಗಾಗುತ್ತಾರೆ. ಬತ್ತಿಗೆ ಬರವೇ? ಮೊರದ ತುಂಬ ಹತ್ತಿ ಇತ್ತಲ್ಲ. ಅತ್ತೆಯ ಹಾಗೆಯೇ ವಿಭೂತಿ ಸವರಿಕೊಂಡು ಮೊಳದುದ್ದದ ಹನ್ನೊಂದು ಬತ್ತಿ ಹೊಸೆದೆ. ಲಕ್ಷಬತ್ತಿ ಹೊಸೆಯುವ ಮನೆಯಲ್ಲಿ ಕೂತವಳಿಗೆ ಬತ್ತಿ ಎಂದರೆ ಹೀರುವುದೇ ಅದರ ಕುಲಗುಣ ಎನಿಸಿತ್ತು.

ಮೊದಲ ದಿನ ಸಂಜೆ ಸಸಿಗಳ ಎಲೆಗಳೆಲ್ಲ ಜೋಡಿ ಜೋಡಿಯಾಗಿ ಮುಚ್ಚಿಕೊಂಡದ್ದು ಕಂಡು ಸತ್ತೇ ಹೋದವೆಂದುಕೊಂಡೆ. ಅತ್ತೆಯ ಹೊಲದ ಕೆಲಸಕ್ಕೂ ಹಸು ಕರೆಯುವುದಕ್ಕೂ ಬರುತ್ತಿದ್ದ ಹನುಮಕ್ಕ ಅಲ್ಲೇ ಇದ್ದಳು. ನನ್ನ ಮುಖ ನೋಡಿ ನಕ್ಕಳು. "ಸಾಯ್ತಿಲ್ಲ ಕಣಮ್ಮ, ಮಲಿಕ್ಕಂಡವೆ. ಹುಣಸೆ ಎಲೆ ಸಂಜೆಗೆ ಕಣ್ಣು ಮುಚ್ತದೆ. ಕಾಲೇಜ್ನಾಗೆ ಇದ್ ಹೇಳ್ಕೊಡ್ಲಿಲ್ವಾ?" ಮಾರನೆಯ ದಿನ ಅವಳು ಮೂರು ದಿನದ ಮಟ್ಟಿಗೆ ತಾವರೆಕೆರೆಯ ತವರಿಗೆ ಹೋದಳು.

ಮೂರನೆಯ ದಿನ ಎಲೆಗಳು ಮಧ್ಯಾಹ್ನವೇ ಮುಚ್ಚಿಕೊಂಡವು. ಮಲಗಿವೆ ಎಂದುಕೊಂಡೆ. ನಾಲ್ಕನೆಯ ದಿನ ಬೆಳಿಗ್ಗೆ ತೆರೆಯಲೇ ಇಲ್ಲ. ಬೇಸಿಗೆಯಲ್ಲವೇ, ಸ್ವಲ್ಪ ಹೆಚ್ಚು ನಿದ್ದೆ ಎಂದುಕೊಂಡೆ. ಬತ್ತಿಗಳನ್ನು ಮುಟ್ಟಿ ನೋಡಿದ್ದೆ. ಒಣಗಿಯೇ ಇದ್ದವು. ಅದಕ್ಕೂ ನನ್ನ ಬಳಿ ಸಮಾಧಾನವಿತ್ತು. ಆ ದಿನದ ಡೈರಿಯಲ್ಲಿ "ಕ್ರಿಯೆ ನಿಧಾನ. ತಾಳ್ಮೆ ಬೇಕು" ಎಂದು ಬರೆದಿದ್ದೇನೆ. ಓದಿದವರು ತಮ್ಮ ತಪ್ಪಿಗೆ ಎಷ್ಟು ಚೆಂದದ ಹೆಸರಿಡುತ್ತಾರೆ ನೋಡಿ.

ಐದನೆಯ ದಿನ ಹನುಮಕ್ಕ ಬಂದವಳೇ ಹಿತ್ತಲಲ್ಲಿ ನಿಂತು ಕೂಗಿದಳು. "ಏನಮ್ಮಾ ಇದು, ಸಸಿ ಕೊರಳಿಗೆ ಜನಿವಾರ ಹಾಕ್ಬುಟ್ಟಿದ್ದೀಯ?" ನಾನು ವಿವರಿಸಿದೆ. ಅವಳು ಒಂದು ಬತ್ತಿಯನ್ನು ಎತ್ತಿ ಮೂಸಿ, ಹಂಡೆಗೆ ಅದ್ದಿ, ಎತ್ತಿ ಒದರಿದಳು. ನೀರಿನ ಹನಿಗಳು ಕೆಸುವಿನ ಎಲೆಯಿಂದ ಉರುಳಿದ ಹಾಗೆ ಉರುಳಿಹೋದವು. ಬತ್ತಿ ಒಣಗಿದ್ದದ್ದು ಒಣಗಿದಂತೆಯೇ ಇತ್ತು. "ಇದು ದೀಪದ ಜಾತಿ ಕಣಮ್ಮ. ಎಣ್ಣೆ ಕೊಟ್ರೆ ಗಟಗಟ ಕುಡಿತದೆ. ನೀರಂದ್ರೆ ಮುಖ ತಿರುವ್ತದೆ. ಒಗ್ದು ಒಗ್ದು ಸವ್ದಿರೋ ಬಟ್ಟೆ ಇದ್ರೆ ತತ್ತಾ, ಬೇಗ."

ಕೈಗೆ ಸಿಕ್ಕಿದ್ದು ತಂತಿಯ ಮೇಲಿದ್ದ ಮಾವನ ಪಂಚೆ. ಪರ್ರನೆ ಹರಿದು ಹನ್ನೊಂದು ಪಟ್ಟಿ ಮಾಡಿ, ಹುರಿಮಾಡಿ, ಹಂಡೆಗೆ ಇಳಿಬಿಟ್ಟಳು. ನಾವಿಬ್ಬರೂ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ ಹಾಗೆಯೇ ಬಟ್ಟೆ ಒದ್ದೆಯಾಗಿ ಮಬ್ಬಾಗುತ್ತಾ ನೀರು ಮೇಲೇರಿತು, ಅಂಚು ದಾಟಿತು, ಇಳಿಯಿತು. ಬುಡದ ಮಣ್ಣಿನಲ್ಲಿ ಎಂಟಾಣೆ ಅಗಲದ ತೇವ ಮೂಡಿತು. "ನೆಲಾನೂ ಇಂಗೇ ಕಣಮ್ಮ," ಎಂದಳು ಹನುಮಕ್ಕ. "ಮಳೆ ಬಂದು ಹೋದ ಮ್ಯಾಲೆ ಬಿಸ್ಲು ಒಳಗಿನ ತ್ಯಾವಾನೆಲ್ಲ ದಾರದಾಗೆ ಎಳ್ಕಂಡು ಕುಡಿತದೆ. ಅದ್ಕೇ ಕಳ್ಳೇಕಾಯಿ ಹೊಲಕ್ಕೆ ಎಡೆಕುಂಟೆ ಹೊಡ್ಯಾದು. ಮೇಲ್ಮಣ್ಣು ಪುಡಿ ಮಾಡ್ಬುಟ್ರೆ ದಾರ ಕಡ್ದಂಗೆ. ತ್ಯಾವ ಒಳಗೇ ಉಳಿತದೆ." ಮಣ್ಣಿನ ಲೋಮನಾಳಗಳ ಬಗ್ಗೆ ಮುಂದೆ ನಾನು ಓದಿದ ಒಂದು ಅಧ್ಯಾಯದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ, ಚಿತ್ರಗಳ ಹೊರತು.

ಮರುದಿನ ಏಳು ಸಸಿ ಕಣ್ಣು ತೆರೆದವು. ನಾಲ್ಕು ತೆರೆಯಲಿಲ್ಲ.

ಅತ್ತೆ ಬಂದರು. ನಾನೇ ಮುಂದಾಗಿ ನಡೆದದ್ದನ್ನೆಲ್ಲ ಹೇಳಿ ತಪ್ಪೊಪ್ಪಿಕೊಂಡೆ. ಮೈಸೂರು ಕೈತಪ್ಪಿತು ಎಂದುಕೊಂಡು ಕಂಬ ಹಿಡಿದು ನಿಂತಿದ್ದೆ. ಅತ್ತೆ ಜಗಲಿಯ ಮೇಲೆ ಕೂತು, ಕಾಲು ಚಾಚಿ, ಕೇಳಿದರು: "ಅದ್ಸರಿ. ಎಣ್ಣೆ ಕುಡಿಯೋ ಬತ್ತಿ ನೀರ್ಯಾಕೆ ಕುಡಿಯಲ್ಲ?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ವಾ? ಅಂಗಾದ್ರೆ ಓದಾದು ಇನ್ನೂ ಬಾಕಿ ಐತೆ ಅಂತಾಯ್ತು. ಹೋಗ್ಲಿ ಬುಡು, ಓದ್ಲಿ. ತಿಳ್ಕಂಡ್ ಬಂದು ನಮ್ಗೂ ಹೇಳು."

ಹೀಗೆ ಹನ್ನೊಂದರಲ್ಲಿ ಏಳು ಅಂಕ ಪಡೆದು ನಾನು ಮೈಸೂರಿಗೆ ಹೋದೆ. ಅಪ್ಪ ಎರಡನೆಯ ಮಾತಾಡಲಿಲ್ಲ. ಮಾವ ಮಾತ್ರ ಬಹಳ ದಿನ ಪಂಚೆ ಹುಡುಕಿದರಂತೆ.

ಉತ್ತರ ನನಗೆ ಎರಡನೆಯ ತಿಂಗಳಲ್ಲೇ ಗ್ರಂಥಾಲಯದಲ್ಲಿ ಸಿಕ್ಕಿತು. ದಸರಾ ರಜೆಗೆ ಹೋದಾಗ ಹೇಳೋಣ ಎಂದುಕೊಂಡೆ. ದಸರೆಗೆ ಹೋದಾಗ ಮನೆ ತುಂಬ ಜನ. ಆಮೇಲೆ ನನ್ನ ಕೆಲಸ, ಮದುವೆ, ಮಕ್ಕಳು. ಪುರವರಕ್ಕೆ ನೂರು ಸಲ ಹೋಗಿದ್ದೇನೆ. ಹೋದಾಗಲೆಲ್ಲ ಊಟ, ಬಾಣಂತನ, ಯಾರದೋ ಮೊಣಕಾಲು ನೋವು. ಆದರೆ ತರಗತಿಯಲ್ಲಿ ಮಾತ್ರ ಪ್ರತಿ ವರ್ಷವೂ ಲೋಮನಾಳ ಕ್ರಿಯೆಯ ಪಾಠಕ್ಕೆ ಬಂದಾಗ ಅತ್ತೆಯ ಕಥೆ ಹೇಳಿ ಮಕ್ಕಳನ್ನು ನಗಿಸಿದೆ. ಮೂವತ್ತು ಸಲ ಹೇಳಿದ ಕಥೆ ಹೊಳೆಯ ಕಲ್ಲಿನಂತೆ ನುಣ್ಣಗಾಗುತ್ತದೆ. ನುಣ್ಣಗಿರುವ ನೆನಪನ್ನು ಕಂಡರೆ ನನಗೆ ಅನುಮಾನ.

ಶಿಬಿರದಿಂದ ಮನೆಗೆ ಬಂದವಳೇ ಅಟ್ಟದ ಪೆಟ್ಟಿಗೆಯಿಂದ ಆ ವರ್ಷದ ಡೈರಿ ತೆಗೆದೆ. ಅತ್ತೆ ಬಂದ ದಿನದ ಪುಟದಲ್ಲಿ ಎರಡೇ ಸಾಲು. "ಸಸಿ 7. 'ಓದೋದು ಇನ್ನೂ ಬಾಕಿ ಐತೆ.' ಮೈಸೂರು!!" ತಪ್ಪೊಪ್ಪಿಗೆಯ ಸುದ್ದಿಯೇ ಇಲ್ಲ. ಸತ್ತ ನಾಲ್ಕರ ಸುದ್ದಿಯೂ ಇಲ್ಲ. ನನ್ನ ಬಾಳನ್ನು ತಿರುಗಿಸಿದ ಆ ಮಾತನ್ನು ಯಾರು ಆಡಿದರು ಎಂದೂ ಬರೆದಿಲ್ಲ. ಎರಡು ಆಶ್ಚರ್ಯಸೂಚಕಗಳಿಗೆ ಜಾಗವಿತ್ತು, ಒಂದು ಹೆಸರಿಗೆ ಇರಲಿಲ್ಲ.

ಭಾನುವಾರ ಪುರವರಕ್ಕೆ ಹೋದೆ. ಔಷಧಿ ಅಂಗಡಿಯಲ್ಲಿ ಕೊಂಡ ಸಕ್ಕರೆ ಅಳೆಯುವ ಯಂತ್ರ ಚೀಲದಲ್ಲಿತ್ತು. ಅತ್ತೆಗೆ ಈಗ ಎಂಬತ್ತು ದಾಟಿದೆ. ಮಗ ಸೊಸೆ ಮೊಮ್ಮಕ್ಕಳ ಗಲಾಟೆಯಿಂದ ತಪ್ಪಿಸಿಕೊಂಡು ಹಿತ್ತಲ ಹುಣಸೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆ ಏಳರಲ್ಲಿ ಆರು ಬದುವಿಗೆ ಹೋದವು. ಒಂದು ಹಿತ್ತಲಲ್ಲೇ ಉಳಿದು ಈಗ ಮನೆಗಿಂತ ಮೂರು ಪಾಲು ಎತ್ತರವಾಗಿದೆ.

"ಬೆರಳು ಕೊಡಿ ಅತ್ತೆ," ಎಂದೆ. ಅವರು ಮುಖ ತಿರುಗಿಸಲಿಲ್ಲ. ಹನಿ ಪಟ್ಟಿಯೊಳಕ್ಕೆ ಹೋದದ್ದನ್ನು ಕಣ್ಣು ಕಿರಿದು ಮಾಡಿ ನೋಡಿದರು. "ಪರವಾಗಿಲ್ವೇ, ಒಗ್ದಿರೋ ಬಟ್ಟೆ ಇದ್ದಂಗೈತೆ," ಎಂದರು. ಸಕ್ಕರೆ ನನಗಿಂತ ಕಡಿಮೆ ಇತ್ತು.

ಇದೇ ಸಮಯವೆಂದು ಉಸಿರೆಳೆದುಕೊಂಡು ಹೇಳಿದೆ. ಹತ್ತಿಯ ಪ್ರತಿ ಎಳೆಯ ಮೇಲೂ ಹುಟ್ಟಿನಿಂದಲೇ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಮೇಣ ಇರುತ್ತದೆ. ಮೇಣಕ್ಕೂ ಎಣ್ಣೆಗೂ ನಂಟು, ಮೇಣಕ್ಕೂ ನೀರಿಗೂ ಜಗಳ. ನೂಲು ಬಟ್ಟೆಯಾಗಿ, ಬೇಯಿಸಿ, ಸೋಪು ಹಾಕಿ ಒಗೆದು ಒಗೆದು ಮೇಣ ಹೋದ ಮೇಲೆ ಅದೇ ಹತ್ತಿ ನೀರನ್ನು ಹತ್ತಿರ ಸೇರಿಸುತ್ತದೆ. ಎಳೆಗಳ ನಡುವಿನ ಸಂದಿಯೇ ಲೋಮನಾಳ.

ಅತ್ತೆ ಕೇಳಿಸಿಕೊಂಡರು. "ಇಷ್ಟೇಯಾ? ಇದ್ಕೆ ಮೂವತ್ತು ವರ್ಸ ಬೇಕಾಯ್ತಾ?"

"ಎರಡೇ ತಿಂಗಳಿಗೆ ಗೊತ್ತಾಗಿತ್ತು ಅತ್ತೆ. ಹೇಳೋದಕ್ಕೆ ಮೂವತ್ತು ವರ್ಷ ಆಯ್ತು. ನೀವು ಅವತ್ತು, ಓದೋದು ಇನ್ನೂ ಬಾಕಿ ಐತೆ ಅಂದಿದ್ದಕ್ಕೇ ನಾನು..."

"ನಾನೆಲ್ಲಂದೆ? ನಂಗೆ ಎಂಥಾ ಸಿಟ್ಟು ಬಂದಿತ್ತು ಗೊತ್ತಾ? ಸತ್ತಿದ್ ಸಸಿ ಕುಂಡ ನಾಕೂನೂ ಹುಲ್ಲಿನ ಬಣವೆ ಹಿಂದೆ ಬಚ್ಚಿಟ್ಟಿದ್ದೆ ನೀನು. ಹಸು ಬಿಚ್ಚಕ್ಕೆ ಹೋದೋಳು ಎಡವಿ ಬಿದ್ದಿದ್ದೆ. ನಿನ್ನ ಕೊರಟಗೆರೆ ಬಸ್ಸಿಗೆ ಹತ್ತುಸ್ಬುಡಾನ ಅಂತಿದ್ದೆ. ಹನುಮಿನೇ ಅಡ್ಡ ಬಂದು ಅಂಗಂದಿದ್ದು."

ಬಣವೆಯ ಹಿಂದಿನ ಹುಲ್ಲಿನ ವಾಸನೆ, ಕುಂಡಗಳನ್ನು ಎರಡೆರಡಾಗಿ ಅಪ್ಪಿಕೊಂಡು ಓಡಿದ್ದು, ಸೀರೆಗೆ ಮಣ್ಣು ಮೆತ್ತಿದ್ದು, ಎಲ್ಲ ಒಟ್ಟಿಗೆ ಬಂದವು. ಮೂವತ್ತು ವರ್ಷ ಪಾಠ ಮಾಡುತ್ತಾ ನಾನು ನನ್ನನ್ನು ಎಷ್ಟು ಪ್ರಾಮಾಣಿಕಳನ್ನಾಗಿ ಮಾಡಿಕೊಂಡಿದ್ದೆ!

ಹನುಮಕ್ಕ ಈಗ ತಾವರೆಕೆರೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಅತ್ತೆ ಸೊಸೆಯ ಕೈಲಿ ಫೋನು ಮಾಡಿಸಿ, ಸ್ಪೀಕರ್ ಹಾಕಿಸಿ, ಕುರ್ಚಿಯ ತೋಳಿನ ಮೇಲೆ ಇಟ್ಟುಕೊಂಡರು. "ಲೇ ಹನುಮಿ, ಇವ್ಳು ಬಂದವ್ಳೆ ಕಣೇ, ಪಂಚೆ ಹರ್ಸಿದೋಳು. ಓದಾದು ಬಾಕಿ ಐತೆ, ಓದ್ಲಿ ಬುಡು ಅಂತ ಅವತ್ತು ನೀನಲ್ವಾ ಅಂದಿದ್ದು?"

"ಅಯ್ಯೋ ನಾನ್ಯಾಕಂಗಂತೀನಿ ಅಮ್ಮೋ," ಎಂದಿತು ಫೋನು. "ಪಂಚೆ ಹರ್ದಿದ್ದು ನಾನು, ಇಲ್ಲ ಅನ್ನಲ್ಲ. ಆ ಮಾತು ನಿಮ್ದೇಯ. ಜಗಲಿ ಮ್ಯಾಲೆ ಕಾಲು ಚಾಚ್ಕಂಡ್ ಕುಂತಿದ್ರಿ."

"ನಂದಲ್ಲ ಕಣೇ. ನಿಂದೇ."

"ನಿಮ್ದೇ ಕಣಮ್ಮ. ಸಾಯಾ ಕಾಲ್ದಾಗೆ ಸುಳ್ಳೇಳ್ತೀನಾ?"

ಪಂಕ್ತಿಯಲ್ಲಿ ಕೊನೆಯ ಒಬ್ಬಟ್ಟನ್ನು ಒಬ್ಬರ ಎಲೆಯಿಂದ ಇನ್ನೊಬ್ಬರ ಎಲೆಗೆ ದಾಟಿಸುವ ಹಾಗೆ ಇಬ್ಬರೂ ಆ ಮಾತನ್ನು ದಾಟಿಸುತ್ತಲೇ ಇದ್ದರು. ಯಾರೂ ಅದನ್ನು ತಮ್ಮದೆನ್ನಲಿಲ್ಲ. ನಾನು ನಡುವೆ ಕೂತು, ಯಾರಿಗೆ ಕೈಮುಗಿಯಬೇಕೋ ತಿಳಿಯದೆ ನಗುತ್ತಿದ್ದೆ. ಕಣ್ಣಲ್ಲಿ ನೀರೂ ಬಂತು. ಅದಕ್ಕೆ ಮಾತ್ರ ಲೋಮನಾಳ ಕಾರಣವಲ್ಲ.

"ಅದಿರ್ಲಿ," ಎಂದಳು ಹನುಮಕ್ಕ. "ಎಣ್ಣೆ ಬತ್ತಿ ಕಥೆ ಗೊತ್ತಾಯ್ತಾ ನಿಂಗೆ?" ನಾನು ಎರಡನೆಯ ಸಲ ಮೇಣದ ವಿಷಯ ಹೇಳಿದೆ. ಫೋನು "ಹೂಂ, ಹೂಂ" ಎನ್ನುತ್ತಾ ಕೇಳಿಸಿಕೊಂಡಿತು. ಆಮೇಲೆ ಕೇಳಿತು: "ಸರಿ ಕಣಮ್ಮ. ಪಂಚೆ ದಾರದಾಗೆ ನೀರು ಗೇಣುದ್ದ ಹತ್ತಿದ್ನ ನಾನೂ ನೋಡಿವ್ನಿ. ಆ ಹಿತ್ಲ ಹುಣಸೆಮರ ಈಗ ಅಷ್ಟೆತ್ರ ಆಗೈತಂತಲ್ಲ, ಅದ್ರ ತುದಿ ಎಲೆಗೆ ನೀರೆಂಗೆ ಹತ್ತುತ್ತೆ? ಯಾವ ದಾರ ಅಷ್ಟುದ್ದ ಕಡೀದೆ ನಿಲ್ತದೆ?"

ಅದೂ ಲೋಮನಾಳವೇ ಎಂದು ಹೇಳಲು ಬಾಯಿ ತೆರೆದೆ. ಅದೊಂದೇ ಅಷ್ಟು ಎತ್ತರಕ್ಕೆ ಸಾಲದು ಎಂದು ನನಗೆ ಗೊತ್ತು. ಎಲೆ ನೀರನ್ನು ಆವಿ ಮಾಡಿ ಮೇಲಿನಿಂದ ಎಳೆಯುತ್ತದೆ ಎಂದೂ ಓದಿದ್ದೇನೆ. ಆದರೆ ಅಷ್ಟುದ್ದದ ನೀರಿನ ದಾರ ಈ ಪುರವರದ ಬಿಸಿಲಿನಲ್ಲಿ, ಈ ಗಾಳಿಯಲ್ಲಿ ಹೇಗೆ ಕಡಿಯದೆ ನಿಲ್ಲುತ್ತದೆ? ಮೂವತ್ತು ವರ್ಷ ಪಾಠ ಮಾಡಿದ ಮೇಲೂ ನನಗದು ಸರಿಯಾಗಿ ತಿಳಿದಿಲ್ಲ.

"ಗೊತ್ತಿಲ್ಲ ಹನುಮಕ್ಕ," ಎಂದೆ. ಹಾಗೆ ಹೇಳಿದ್ದು ಎಷ್ಟು ಹಗುರವಾಗಿತ್ತೆಂದರೆ, ಇಪ್ಪತ್ತೊಂದು ವರ್ಷದವಳ ಧ್ವನಿಯೇ ಬಂದ ಹಾಗಿತ್ತು.

ಅತ್ತೆ ಮರದ ತುದಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ತಿಳ್ಕಂಡ್ ಬಾ. ಈ ಸಲ ಮೂವತ್ತು ವರ್ಸ ಕಾಯಕ್ಕಾಗಲ್ಲ ಕಣಮ್ಮ ನಮ್ ಕೈಲಿ."

ಅವತ್ತು ಮನೆಗೆ ಬಂದು ಡೈರಿ ಬರೆದೆ. ಪ್ರಶ್ನೆಯನ್ನು ಹಾಗೇ ಹನುಮಕ್ಕನ ಮಾತಿನಲ್ಲೇ ಇಳಿಸಿದೆ. ಕೇಳಿದವರು: ಹನುಮಕ್ಕ, ತಾವರೆಕೆರೆ. ಕಾಯುತ್ತಿರುವವರು: ಅತ್ತೆ, ಪುರವರ. ಉತ್ತರ ಕೊಡಬೇಕಾದ ದಿನ: ಬರುವ ಭಾನುವಾರ, ತಿಳಿದಷ್ಟು. ಆಮೇಲೆ ಹಳೆಯ ಡೈರಿಯನ್ನೂ ತೆರೆದೆ. "ಸಸಿ 7" ಎಂದಿದ್ದ ಕಡೆ ಮೇಷ್ಟ್ರ ಹಾಗೆ ಕೆಂಪು ಶಾಯಿಯಲ್ಲಿ ಪಕ್ಕದಲ್ಲೇ ಸೇರಿಸಿದೆ: "ಸತ್ತದ್ದು 4. ಬಣವೆಯ ಹಿಂದೆ ಬಚ್ಚಿಟ್ಟವಳು ನಾನು."